ಸತ್ತ ರೆಪ್ಲಿಕಾ ಸರ್ವರನ್ನು ಡೈರೆಕ್ಟರಿಯಿಂದ ತೆಗೆಯುವ ಕ್ರಮ

ಸಿಬ್ಬಂದಿಯ ಲಾಗಿನ್ ಹೆಸರು, ಪಾಸ್‌ವರ್ಡ್, ಅಧಿಕಾರಗಳನ್ನೆಲ್ಲ ಒಂದೆಡೆ ಇಡುವ ವ್ಯವಸ್ಥೆಯೇ ಡೈರೆಕ್ಟರಿ ಸರ್ವರ್. ಶಾಖೆಗಳು ಬೇರೆ ಬೇರೆ ಊರುಗಳಲ್ಲಿದ್ದರೆ ಅಲ್ಲಲ್ಲೇ ಅದರ ಪ್ರತಿಯನ್ನು, ಅಂದರೆ ರೆಪ್ಲಿಕಾವನ್ನು ಇಡುತ್ತಾರೆ. ಚಿಕ್ಕೋಡಿಯಲ್ಲಿ ಮುಖ್ಯ ಕಚೇರಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಶಾಖೆಗಳಿರುವ ಪತ್ತಿನ ಸಹಕಾರಿ ಸಂಘವೊಂದನ್ನು ಊಹಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿದಾಗ ಈ ಭಾಗದ ಅನೇಕ ಊರುಗಳ ಸಂಪರ್ಕವೇ ಕಡಿದಿತ್ತು. ಅಂಥ ದಿನಗಳಲ್ಲೂ ಶಾಖೆಯ ಲಾಗಿನ್ ನಡೆಯಲಿ ಎಂಬುದೇ ರೆಪ್ಲಿಕಾದ ಉದ್ದೇಶ.

ಅಥಣಿಯ ಸರ್ವರ್ ಕೆಟ್ಟು, ಮತ್ತೆ ಏಳದಂತಾಯಿತು ಎನ್ನೋಣ. ಯಂತ್ರವನ್ನು ಮೂಲೆಗೆ ಸರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಉಳಿದ ನಾಲ್ಕೂ ಸರ್ವರ್‌ಗಳ ದಾಖಲೆಯಲ್ಲಿ ಅದು ಇನ್ನೂ ಜೀವಂತವಾಗಿರುತ್ತದೆ. ಅವು ಅದನ್ನು ಸಂಪರ್ಕಿಸಲು ಯತ್ನಿಸುತ್ತಲೇ ಇರುತ್ತವೆ, ಲಾಗ್ ಕಡತಗಳು ದೋಷದ ಸಾಲುಗಳಿಂದ ತುಂಬುತ್ತವೆ. ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಅದರ ಹೆಸರು ಉಳಿದಿದ್ದರೆ ಬಳಕೆದಾರರ ಕಂಪ್ಯೂಟರ್‌ಗಳು ಆ ವಿಳಾಸಕ್ಕೆ ಹೋಗಿ ಕಾಯುತ್ತವೆ.

ಮುಂದಿನ ಕ್ರಮ ಲಿನಕ್ಸ್‌ನ ಫ್ರೀಐಪಿಎ ವ್ಯವಸ್ಥೆಗೆ ಸಂಬಂಧಿಸಿದ್ದು. ಅದರ ಒಳಗಿರುವುದು 389 ಡೈರೆಕ್ಟರಿ ಸರ್ವರ್. ಡೈರೆಕ್ಟರಿಯೊಡನೆ ಮಾತಾಡುವ ಎಲ್‌ಡಿಎಪಿ ಎಂಬ ಸಂವಹನ ನಿಯಮ ಬಳಸುವ ಪೋರ್ಟ್ ಸಂಖ್ಯೆಯೇ ಅದರ ಹೆಸರು. ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಮೊದಲು ಬ್ಯಾಕಪ್. ‘ಐಪಿಎ-ಬ್ಯಾಕಪ್’ ಪೂರ್ಣ ಪ್ರತಿ ತೆಗೆಯುವಾಗ ಸೇವೆಗಳನ್ನು ನಿಲ್ಲಿಸುವುದರಿಂದ ಕಚೇರಿ ಮುಗಿದ ಮೇಲೆ ನಡೆಸುವುದು ಒಳ್ಳೆಯದು. ಆಮೇಲೆ ‘ಐಪಿಎ ಸರ್ವರ್-ಫೈಂಡ್’ ಎಂದು ಕೊಟ್ಟು ಎಲ್ಲ ಸರ್ವರ್‌ಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಬೇಕು.

ಎರಡನೆಯದು, ಸತ್ತ ಸರ್ವರ್ ಹೊತ್ತಿದ್ದ ಹೊಣೆಗಳನ್ನು ಬೇರೆಡೆಗೆ ಒಪ್ಪಿಸುವುದು. ಸರ್ವರ್‌ಗಳ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ನವೀಕರಿಸುವ ಮುಖ್ಯ ಸರ್ವರ್ ಅದೇ ಆಗಿದ್ದರೆ ‘ಐಪಿಎ ಕಾನ್ಫಿಗ್-ಮಾಡ್’ ಮೂಲಕ ಆ ಕೆಲಸವನ್ನು ಚಿಕ್ಕೋಡಿಗೆ ಕೊಡಬೇಕು. ಇದನ್ನು ಮರೆತರೆ ತೊಂದರೆ ಅಂದೇ ಕಾಣುವುದಿಲ್ಲ. ತಿಂಗಳುಗಳ ನಂತರ ಪ್ರಮಾಣಪತ್ರದ ಅವಧಿ ತೀರಿದ ದಿನ ಇಡೀ ವ್ಯವಸ್ಥೆ ನಿಂತುಬಿಡಬಹುದು.

ಮೂರನೆಯದು, ಸಂಪರ್ಕದ ಜಾಲ. ಕಾಗವಾಡದ ಸರ್ವರ್ ಅಥಣಿಯೊಂದರ ಜೊತೆಗೇ ಜೋಡಣೆಯಾಗಿದ್ದರೆ ಅಥಣಿ ಸತ್ತೊಡನೆ ಅದು ಒಂಟಿಯಾಗುತ್ತದೆ. ‘ಐಪಿಎ ಟೊಪಾಲಜಿಸೆಗ್ಮೆಂಟ್-ಆ್ಯಡ್’ ಬಳಸಿ ಚಿಕ್ಕೋಡಿ–ಕಾಗವಾಡ ನಡುವೆ ನೇರ ಜೋಡಣೆ ಕೊಡಬೇಕು. ಬಳಕೆದಾರರ ಮಾಹಿತಿಗೊಂದು, ಕಾಗವಾಡದಲ್ಲೂ ಪ್ರಮಾಣಪತ್ರ ಸೇವೆ ಇದ್ದರೆ ಅದಕ್ಕೊಂದು.

ಈಗ ಚಿಕ್ಕೋಡಿಯಲ್ಲಿ ‘ಐಪಿಎ ಸರ್ವರ್-ಡೆಲ್’ ಎಂದು ಬರೆದು ಅಥಣಿ ಸರ್ವರ್‌ನ ಪೂರ್ಣ ಹೆಸರು ಕೊಡಬೇಕು. ಜಾಲ ತುಂಡಾಗುವಂತಿದ್ದರೆ ಅಥವಾ ಯಾವುದೋ ಹೊಣೆಯನ್ನು ಹೊತ್ತ ಕೊನೆಯ ಸರ್ವರ್ ಅದೇ ಆಗಿದ್ದರೆ ಆದೇಶ ನಿರಾಕರಿಸುತ್ತದೆ. ಆ ಎಚ್ಚರಿಕೆಯನ್ನು ಮೀರುವ ಆಯ್ಕೆಗಳಿವೆ, ನಿಜ. ಆದರೆ ಎಚ್ಚರಿಕೆ ಬಂದಿದೆ ಎಂದರೆ ಹಿಂದಿನ ಎರಡು ಹೆಜ್ಜೆಗಳಲ್ಲಿ ಏನೋ ಬಾಕಿಯಿದೆ ಎಂದರ್ಥ. ಅದನ್ನೇ ಸರಿಪಡಿಸುವುದು ಮೇಲು.

ಅತ್ಯಂತ ಸೂಕ್ಷ್ಮವಾದದ್ದು ಇದರ ನಂತರದ ಹೆಜ್ಜೆ. ಪ್ರತಿ ರೆಪ್ಲಿಕಾಕ್ಕೂ 1ರಿಂದ 65534ರೊಳಗಿನ ಒಂದು ಸಂಖ್ಯೆ ಇರುತ್ತದೆ. ಎಲ್ಲೇ ಬದಲಾವಣೆಯಾದರೂ ಅದರ ಗುರುತಿನಲ್ಲಿ ಸಮಯದ ಜೊತೆಗೆ ಈ ಸಂಖ್ಯೆಯೂ ಸೇರುತ್ತದೆ. ಯಾವ ಸಂಖ್ಯೆಯ ಸರ್ವರ್‌ನಿಂದ ಎಲ್ಲಿಯವರೆಗಿನ ಬದಲಾವಣೆ ತಲುಪಿದೆ ಎಂಬ ಲೆಕ್ಕವನ್ನು ಎಲ್ಲ ಸರ್ವರ್‌ಗಳೂ ಇಟ್ಟುಕೊಂಡಿರುತ್ತವೆ. ಇದಕ್ಕೆ ಆರ್‌ಯುವಿ ಎಂದು ಹೆಸರು. ಸರ್ವರ್ ಹೋದರೂ ಈ ಲೆಕ್ಕದಲ್ಲಿ ಅದರ ಸಂಖ್ಯೆ ಉಳಿದುಬಿಡುವುದುಂಟು.

‘ಐಪಿಎ-ರೆಪ್ಲಿಕಾ-ಮ್ಯಾನೇಜ್ ಲಿಸ್ಟ್-ಆರ್‌ಯುವಿ’ ಕೊಟ್ಟರೆ ಸರ್ವರ್ ಹೆಸರುಗಳೂ ಅವುಗಳ ಸಂಖ್ಯೆಗಳೂ ಕಾಣುತ್ತವೆ. ಬಳಕೆದಾರರ ಮಾಹಿತಿ, ಪ್ರಮಾಣಪತ್ರ ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಮೊದಲು ಬರೆದಿಟ್ಟ ಪಟ್ಟಿಯೊಡನೆ ಹೋಲಿಸಿ ನೋಡಬೇಕು, ಸಾಧ್ಯವಾದರೆ ಇನ್ನೊಬ್ಬರಿಂದಲೂ ನೋಡಿಸಬೇಕು. ಖಚಿತವಾದ ಮೇಲೆ ಅದೇ ‘ಐಪಿಎ-ರೆಪ್ಲಿಕಾ-ಮ್ಯಾನೇಜ್’ನ ‘ಕ್ಲೀನ್-ಆರ್‌ಯುವಿ’ ಆದೇಶಕ್ಕೆ ಸತ್ತ ಸರ್ವರ್‌ನ ಸಂಖ್ಯೆ ಕೊಡಬೇಕು. ಉಳಿದ ಸರ್ವರ್‌ಗಳೆಲ್ಲ ಚಾಲೂ ಇದ್ದರೆ ‘ಕ್ಲೀನ್-ಡ್ಯಾಂಗ್ಲಿಂಗ್-ಆರ್‌ಯುವಿ’ ತಾನೇ ಹುಡುಕಿ ತೆಗೆಯುತ್ತದೆ. ಜೀವಂತ ಸರ್ವರ್‌ನ ಸಂಖ್ಯೆಯನ್ನು ತಪ್ಪಿ ಕೊಟ್ಟರೆ ಅಲ್ಲಾಗುವ ಬದಲಾವಣೆಗಳನ್ನು ಉಳಿದವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಯಬಾಗದಲ್ಲಿ ಬದಲಿಸಿದ ಪಾಸ್‌ವರ್ಡ್ ರಾಯಬಾಗದಲ್ಲೇ ಉಳಿಯುತ್ತದೆ. ಹಾಗಾದರೆ ಆ ರೆಪ್ಲಿಕಾವನ್ನು ಇನ್ನೊಂದರಿಂದ ಪೂರ್ತಿ ಹೊಸದಾಗಿ ತುಂಬಿಸಬೇಕಾಗುತ್ತದೆ.

ಈ ಶುದ್ಧೀಕರಣ ಎಲ್ಲ ಸರ್ವರ್‌ಗಳನ್ನೂ ತಲುಪುವವರೆಗೆ ಕಾಯುತ್ತದೆ. ನಿಪ್ಪಾಣಿಯಲ್ಲಿ ಕರೆಂಟ್ ಹೋಗಿದ್ದರೆ ಕೆಲಸ ಅಲ್ಲಿಗೇ ನಿಂತು ಮತ್ತೆ ಮತ್ತೆ ಯತ್ನಿಸುತ್ತದೆ. ‘ಲಿಸ್ಟ್-ಕ್ಲೀನ್-ಆರ್‌ಯುವಿ’ಯಿಂದ ಅದರ ಸ್ಥಿತಿ ತಿಳಿಯಬಹುದು, ‘ಅಬಾರ್ಟ್-ಕ್ಲೀನ್-ಆರ್‌ಯುವಿ’ಯಿಂದ ನಿಲ್ಲಿಸಬಹುದು.

ಕೊನೆಗೆ ಡಿಎನ್‌ಎಸ್. ‘ಐಪಿಎ ಡಿಎನ್‌ಎಸ್-ಅಪ್‌ಡೇಟ್-ಸಿಸ್ಟಮ್-ರೆಕಾರ್ಡ್ಸ್’ ಸೇವಾ ದಾಖಲೆಗಳನ್ನು ಸರಿಪಡಿಸುತ್ತದೆ. ನೇಮ್‌ಸರ್ವರ್ ದಾಖಲೆ ಉಳಿದಿದ್ದರೆ ಕೈಯಾರೆ ಅಳಿಸಬೇಕು. ಶಾಖೆಯ ಕಂಪ್ಯೂಟರ್‌ಗಳಲ್ಲಿ ಹಳೆಯ ಸರ್ವರ್‌ನ ವಿಳಾಸ ನೇರವಾಗಿ ಬರೆದಿದ್ದರೆ ಅದನ್ನೂ ಬದಲಿಸಬೇಕು. ‘ಐಪಿಎ-ಹೆಲ್ತ್‌ಚೆಕ್’ ಓಡಿಸಿ, ಒಂದು ಶಾಖೆಯಲ್ಲಿ ಪರೀಕ್ಷಾ ಖಾತೆ ತೆರೆದು ಉಳಿದ ಕಡೆ ಕಾಣುತ್ತದೆಯೇ ಎಂದು ನೋಡಬೇಕು.

ಅಥಣಿಯ ಹಳೆಯ ಯಂತ್ರ ಮುಂದೊಂದು ದಿನ ದುರಸ್ತಿಯಾಗಿ ಬಂದರೆ ಹಾಗೆಯೇ ಜಾಲಕ್ಕೆ ಸೇರಿಸಬಾರದು. ಅದರಲ್ಲಿರುವುದು ಹಳೆಯ ಮಾಹಿತಿ, ಹಳೆಯ ಸಂಖ್ಯೆ. ‘ಐಪಿಎ-ಸರ್ವರ್-ಇನ್‌ಸ್ಟಾಲ್’ ಆದೇಶದ ‘ಅನ್‌ಇನ್‌ಸ್ಟಾಲ್’ ಆಯ್ಕೆಯಿಂದ ಎಲ್ಲವನ್ನೂ ತೆಗೆದು, ಹೊಸ ರೆಪ್ಲಿಕಾ ಆಗಿಯೇ ಸ್ಥಾಪಿಸಬೇಕು.