ಸಾಮಾನ್ಯ ಜ್ಞಾನ: ಅಪಸ್ಮಾರದ ಅಧ್ಯಯನದಲ್ಲಿ ಟಿಎಂಎಸ್

ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಕಾಂತಕ್ಷೇತ್ರದ ಮೂಲಕ ಮೆದುಳಿನ ನರಕೋಶಗಳನ್ನು ಪ್ರಚೋದಿಸುವ ವಿಧಾನವೇ ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್). 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ಇದನ್ನು ಮಾಡಿ ತೋರಿಸಿತು. ತತ್ವ ಮಾತ್ರ ಹಳೆಯದು: 1831ರ ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆ.

ಮುಖ್ಯ ಪರೀಕ್ಷೆ ಬರೆಯುವವರು ಕಾರ್ಯವಿಧಾನವನ್ನು ಚೆನ್ನಾಗಿ ಓದಿಕೊಳ್ಳಬೇಕು. ಎಂಟರ ಆಕಾರದ ತಂತಿಸುರುಳಿಯನ್ನು ಮೆದುಳಿನ ಚಲನಾ ಭಾಗದ ಮೇಲೆ, ತಲೆಗೆ ತಾಗಿಸಿ ಹಿಡಿದು ಕ್ಷಣಮಾತ್ರ ವಿದ್ಯುತ್ ಹರಿಸಿದರೆ, ಎದುರು ಬದಿಯ ಕೈಯ ಹೆಬ್ಬೆರಳು ತಾನಾಗಿ ಮಿಡಿಯುತ್ತದೆ. ಹಾಗೆ ಮಿಡಿಯಲು ಬೇಕಾದ ಕನಿಷ್ಠ ಬಲವೇ ಚಾಲನಾ ಮಿತಿ. ಅಪಸ್ಮಾರದಲ್ಲಿ (ಮೂರ್ಛೆರೋಗ) ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುತ್ತವೆ. ಆ ಉದ್ರೇಕಶೀಲತೆಯನ್ನು ಅಳೆಯಲು ಈ ಮಿತಿ ನೆರವಾಗುತ್ತದೆ. ಸೋಡಿಯಂ ನಾಳ ತಡೆಯುವ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಮಿತಿಯನ್ನು ಏರಿಸುತ್ತವೆ. ಅಂದರೆ ಔಷಧ ಮೆದುಳಿನಲ್ಲಿ ಕೆಲಸ ಮಾಡುತ್ತಿರುವುದು ಅಳತೆಗೆ ಸಿಗುತ್ತದೆ. ಇದೇ ಈ ವಿಧಾನದ ದೊಡ್ಡ ಬಲ. ವಿರಳವಾಗಿ ಪ್ರಚೋದನೆಯಿಂದಲೇ ಸೆಳೆತ ಬರಬಹುದಾದ್ದರಿಂದ ತಜ್ಞರ ನಿಗಾ ಕಡ್ಡಾಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಎಂಎಸ್ ಸಂಶೋಧನೆ ನಡೆದಿದೆ. ಬೆಂಗಳೂರು ನಗರ-ಗ್ರಾಮೀಣ ನರರೋಗ ಸಮೀಕ್ಷೆಯಂತೆ ಅಪಸ್ಮಾರ ಸಾವಿರಕ್ಕೆ 8.8, ಪಟ್ಟಣದಲ್ಲಿ 5.7, ಹಳ್ಳಿಗಳಲ್ಲಿ 11.9. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯಂಥ ಹಳ್ಳಿಗಾಡಿನ ತಾಲ್ಲೂಕುಗಳ ಅಭ್ಯರ್ಥಿಗಳು ಈ ಅಂತರವನ್ನು ಮರೆಯಬಾರದು. ರಾಯಚೂರಿನಲ್ಲಿ 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜು ಇದೆ; ನಿಮ್ಹಾನ್ಸ್ ಸುಮಾರು 400 ಕಿ.ಮೀ. ದೂರ. ಈ ಭಾಗಕ್ಕೆ ನರರೋಗ ತಜ್ಞರ ಸೇವೆ ಹತ್ತಿರದಲ್ಲೇ ಸಿಗಬೇಕಾದದ್ದು ನ್ಯಾಯ.

ಇನ್ನು ಪ್ರಥಮ ಚಿಕಿತ್ಸೆ: ಸೆಳೆತ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ಪ್ರಯೋಜನವಿಲ್ಲ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ರಾಷ್ಟ್ರೀಯ ಅಪಸ್ಮಾರ ದಿನ: ನವೆಂಬರ್ 17.