ನಿಪಾತ, ನಿರ್ಘಾತ, ವೀರ

ಕಲಬುರಗಿ, ಕಮಲಾಪುರಗಳ ನಮ್ಮ ಬಹುಪಾಲು ಮಕ್ಕಳಿಗೆ ಕಡಲು ಚಿತ್ರದಲ್ಲಷ್ಟೇ ಪರಿಚಿತ. ಆದರೆ ‘ನಿಪಾತ’ ಶಬ್ದವು ವ್ಯಾಕರಣ ಬಲ್ಲವರಿಗೆ ಹೊಸತಲ್ಲ. ನಾಮ, ಆಖ್ಯಾತ, ಉಪಸರ್ಗಗಳ ತರುವಾಯ ಯಾಸ್ಕನು ಹೇಳುವ ನಾಲ್ಕನೆಯ ಪದಜಾತಿಯದು. ಚ, ವಾ ಮೊದಲಾದ ಪುಟ್ಟ ಅವ್ಯಯಗಳು. ಮೇಲೆ ಬೀಳುವಿಕೆಯೆಂಬುದು ಅದರ ಇನ್ನೊಂದು ಅರ್ಥ. ಈ ಹೆಸರಿನ ಪುಟ್ಟ ನೌಕೆಯೊಂದು 1971ರ ಡಿಸೆಂಬರ್ 4ರ ಇರುಳು ಕರಾಚಿಯ ಮೇಲೆರಗಿತು.

ಅದರೊಡನೆ ಇದ್ದವು ನಿರ್ಘಾತ ಮತ್ತು ವೀರ. ಮೂರೂ ಭಾರತೀಯ ನೌಕಾಪಡೆಯ 25ನೆಯ ಕ್ಷಿಪಣಿ ದೋಣಿ ದಳಕ್ಕೆ ಸೇರಿದವು. ನಾಯಕರು ಕಮಾಂಡರ್ ಬಬ್ರು ಭಾನ್ ಯಾದವ್. ಒಂದೊಂದು ದೋಣಿಗೆ ನಾಲ್ಕೇ ಕ್ಷಿಪಣಿ. ಸೋವಿಯತ್ ದೇಶದಲ್ಲಿ ತೀರರಕ್ಷಣೆಗೆಂದು ಕಟ್ಟಿದ ಇವು ದೂರಪಯಣಕ್ಕೆ ತಕ್ಕವಲ್ಲ. ಆದುದರಿಂದ ಕಿಲ್ತಾನ್, ಕಚ್ಚಾಲ್ ಬೆಂಗಾವಲಿಗೆ ಬಂದವು. ಇಂಧನಕ್ಕೆ ‘ಪೋಷಕ’ ಎಂಬ ಹಡಗು, ಅನ್ವರ್ಥನಾಮವೇ ಸರಿ. ನಿರ್ಘಾತವೆಂದರೆ ಸಿಡಿಲ ಹೊಡೆತ. ಅದರ ಎರಡು ಕ್ಷಿಪಣಿಗಳಿಗೆ ಖೈಬರ್ ಯುದ್ಧನೌಕೆ ಮುಳುಗಿತು. ವೀರವು ಮುಹಾಫಿಜ್ ನೌಕೆಯನ್ನು ಮುಳುಗಿಸಿತು. ನಮ್ಮ ಮೂರು ದೋಣಿಗಳೂ ಮರಳಿದವು. ಖೈಬರಿನಲ್ಲಿ 200ಕ್ಕೂ ಮಿಕ್ಕ ನಾವಿಕರು ಅಸುನೀಗಿದರು. ಶಬ್ದಾರ್ಥ ಹೇಳುವಾಗ ಅಧ್ಯಾಪಕರು ಇದನ್ನು ಬಿಡಬಾರದು.

ಪ್ರವಾಸಕ್ಕೆ ಕಾರವಾರಕ್ಕೆ ಹೋದವರು ವಸ್ತುಸಂಗ್ರಹಾಲಯವಾದ ‘ಚಪಲ’ ದೋಣಿಯನ್ನು ಕಂಡಿರಬಹುದು. ಅದೂ ಇದೇ ಬಳಗದ್ದು, ಆದರೆ ನೌಕಾಪಡೆಗೆ ಸೇರಿದುದು 1976ರಲ್ಲಿ. ಕರಾಚಿಯ ದಾಳಿಯನ್ನು ಅದರ ಮೇಲೆ ಹೊರಿಸಿ ಮಕ್ಕಳಿಗೆ ಹೇಳತಕ್ಕದ್ದಲ್ಲ.