ಉಸಿರಿನ ಸಾಕ್ಷ್ಯ: ಮದ್ಯಪಾನ, ವಾಹನ ಚಾಲನೆ ಮತ್ತು ನ್ಯಾಯ

ಕೊರಟಗೆರೆ, ಮಧುಗಿರಿಗಳ ಸೀಮೆಯಲ್ಲಿ ಸಂಚರಿಸುವವರಿಗೆಲ್ಲ ಚನ್ನರಾಯನದುರ್ಗದ ಕೋಟೆಬೆಟ್ಟವು ಪರಿಚಿತವಾದುದೇ. ಆ ಬೆಟ್ಟದ ಬುಡದ ಊರೊಂದರಿಂದ ಮಧುಗಿರಿಯ ಕಾಲೇಜಿಗೆ ಹೋಗಿಬರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ 22 ವರ್ಷ ವಯಸ್ಸು, 70 ಕಿಲೋಗ್ರಾಂ ತೂಕ. ಕಬಡ್ಡಿಯ ಆಟದಲ್ಲಿ ನುರಿತವನು. ಪಂದ್ಯವೊಂದನ್ನು ಗೆದ್ದ ಉತ್ಸಾಹದಲ್ಲಿ ಗೆಳೆಯರೊಡನೆ ರಾತ್ರಿ 9 ಗಂಟೆಗೆ ಕುಡಿಯಲು ಕುಳಿತು, ತಲಾ 60 ಮಿಲಿಲೀಟರಿನಂತೆ ನಾಲ್ಕು ಬಾರಿ ವಿಸ್ಕಿಯನ್ನು ಸೇವಿಸಿದನು. ರಾತ್ರಿ ವಾಹನವನ್ನು ಮುಟ್ಟಬಾರದೆಂಬ ವಿವೇಕ ಅವನಿಗಿತ್ತು. ಗೆಳೆಯನ ಮನೆಯಲ್ಲೇ ಮಲಗಿ, ಮುಂಜಾನೆ ಎದ್ದು, ತಣ್ಣೀರಿನಲ್ಲಿ ಮಿಂದು, ಆಟದ ಅಭ್ಯಾಸಕ್ಕೆಂದು ಮೋಟಾರು ಸೈಕಲನ್ನೇರಿ ಹೊರಟನು. 6 ಗಂಟೆಗೆ ದಾರಿಯಲ್ಲಿ ಪೋಲೀಸರು ತಡೆದು ಉಸಿರಿನ ಪರೀಕ್ಷೆ ಮಾಡಿದರು. ಉಪಕರಣವು ಕಾನೂನಿನ ಮಿತಿಗಿಂತ ಹೆಚ್ಚಿನ ಅಂಕಿಯನ್ನು ತೋರಿಸಿತು, ತರುಣನು ಬಂಧಿತನಾದನು.

"ನಾನು ಕುಡಿದದ್ದು ನಿನ್ನೆ" ಎಂದು ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೂ ಉಪಕರಣವು ಹೇಳುವುದೂ ನಿಜವಾಗಿರಬಹುದು. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ಒಂದು ಅಂಕಿಯನ್ನು ನಂಬಿ ಒಬ್ಬ ಮನುಷ್ಯನನ್ನು ಅಪರಾಧಿಯೆನ್ನುವುದು ಎಷ್ಟರ ಮಟ್ಟಿಗೆ ಸರಿ? ಈ ಎರಡು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸೋಣ.

ದೇಹದಲ್ಲಿ ಮದ್ಯಸಾರದ ಪಯಣ

ಹೊಟ್ಟೆಗೆ ಸೇರಿದ ಮದ್ಯಸಾರವು ಇತರ ಆಹಾರದಂತೆ ಜೀರ್ಣವಾಗುವುದಕ್ಕೆ ಕಾಯುವುದಿಲ್ಲ. ಅದರ ಸ್ವಲ್ಪ ಭಾಗ ಜಠರದಿಂದಲೂ, ಹೆಚ್ಚಿನ ಭಾಗ ಸಣ್ಣಕರುಳಿನಿಂದಲೂ ನೇರವಾಗಿ ರಕ್ತಕ್ಕೆ ಸೇರುತ್ತದೆ. ನೀರಿನಲ್ಲಿ ಸುಲಭವಾಗಿ ಬೆರೆಯುವ ಗುಣವುಳ್ಳ ಈ ವಸ್ತು ದೇಹದಲ್ಲಿ ನೀರಿರುವೆಡೆಗೆಲ್ಲ ಹರಡುತ್ತದೆ, ಮಿದುಳಿಗೂ ಹೋಗುತ್ತದೆ. ಮೊದಲು ಕುಂದುವುದು ವಿವೇಚನೆ ಮತ್ತು ಏಕಕಾಲಕ್ಕೆ ಹಲವು ಕಡೆ ಗಮನವಿಡುವ ಶಕ್ತಿ. ಪ್ರಮಾಣ ಹೆಚ್ಚಿದಂತೆ ಅಂಗಗಳ ಹೊಂದಾಣಿಕೆ ತಪ್ಪುತ್ತದೆ. ಕಾಲು ತಡವರಿಸುವ ಮೊದಲೇ ತೀರ್ಮಾನವು ತಡವರಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ತಡೆಯನ್ನೊತ್ತುವುದು ಅರ್ಧ ಸೆಕೆಂಡು ತಡವಾದರೂ ವಾಹನವು 8 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ರಸ್ತೆ ದಾಟುತ್ತಿರುವ ಮಗುವಿನ ಪಾಲಿಗೆ ಆ 8 ಮೀಟರುಗಳೇ ಜೀವ, ಅವೇ ಮರಣ.

ಸೇರಿದ ಮದ್ಯಸಾರವನ್ನು ಹೊರಹಾಕುವ ಹೊಣೆಯ ಬಹುಭಾಗ ಯಕೃತ್ತಿನದು. ಅಲ್ಲಿರುವ ಕಿಣ್ವಗಳು ಅದನ್ನು ಮೊದಲು ಅಸಿಟಾಲ್ಡಿಹೈಡ್ ಆಗಿಯೂ, ಬಳಿಕ ಅಸಿಟಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಈ ಕೆಲಸವನ್ನು ನಮ್ಮೂರಿನ ರಾಗಿ ಬೀಸುವ ಗಿರಣಿಗೆ ಹೋಲಿಸಬಹುದು. ಗಿರಣಿಯ ಮುಂದೆ ಹತ್ತು ಮೂಟೆಗಳಿರಲಿ, ಇಪ್ಪತ್ತಿರಲಿ, ಅದು ಗಂಟೆಗೆ ಬೀಸುವುದು ತನ್ನ ಶಕ್ತಿಗೆ ತಕ್ಕಷ್ಟನ್ನೇ. ಮೂಟೆಗಳು ಹೆಚ್ಚಾದರೆ ಗಿರಣಿಯ ವೇಗ ಹೆಚ್ಚುವುದಿಲ್ಲ, ಕಾಯುವ ಕಾಲ ಹೆಚ್ಚುತ್ತದೆ. ಯಕೃತ್ತೂ ಹಾಗೆಯೇ. 100 ಮಿಲಿಲೀಟರು ರಕ್ತದಲ್ಲಿರುವ ಮದ್ಯಸಾರವು ಸಾಮಾನ್ಯವಾಗಿ ಗಂಟೆಗೆ 15 ಮಿಲಿಗ್ರಾಮಿನಂತೆ ಇಳಿಯುತ್ತದೆ. ಕೆಲವರಲ್ಲಿ ಇದು 10ರ ಹತ್ತಿರ, ಕೆಲವರಲ್ಲಿ 20ರ ಹತ್ತಿರ ಇರಬಹುದು. ತಣ್ಣೀರಿನ ಸ್ನಾನ, ಕಾಫಿ, ನಿಂಬೆಯ ಪಾನಕ, ಮೈಬೆವರುವ ಓಟ ಇವಾವುವೂ ಈ ಗಿರಣಿಯನ್ನು ಅವಸರಿಸಲಾರವು. ಕಾಫಿಯಿಂದ ನಿದ್ದೆ ಹೋದೀತು. ರಕ್ತದಲ್ಲಿರುವ ಮದ್ಯಸಾರ ಹೋಗದು. ಆಟಗಾರನ ದೃಢವಾದ ಮೈಕಟ್ಟಿನಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಸ್ನಾಯು ಹೆಚ್ಚಿರುವ ದೇಹದಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದೇ ಪ್ರಮಾಣದ ಮದ್ಯವು ಸ್ವಲ್ಪ ತೆಳುವಾಗಿ ಹರಡೀತು, ಅಷ್ಟೇ.

ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕರು ಕಳೆದ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿದ ಲೆಕ್ಕವನ್ನು ನಮ್ಮ ತರುಣನಿಗೆ ಅನ್ವಯಿಸೋಣ. ಅವನು ಕುಡಿದದ್ದು ಒಟ್ಟು 240 ಮಿಲಿಲೀಟರು. ನಮ್ಮಲ್ಲಿ ಮಾರಾಟವಾಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡ 42.8ರಷ್ಟು ಮದ್ಯಸಾರವಿರುತ್ತದೆ. ಹೀಗೆ ಅವನ ದೇಹಕ್ಕೆ ಸೇರಿದ ಶುದ್ಧ ಮದ್ಯಸಾರ ಸುಮಾರು 81 ಗ್ರಾಂ. ಪುರುಷರ ದೇಹತೂಕವನ್ನು 0.68ರಿಂದ ಗುಣಿಸಿದರೆ ಮದ್ಯಸಾರವು ಹರಡುವ ಭಾಗದ ತೂಕ ಸಿಗುತ್ತದೆ. ಇವನಲ್ಲಿ ಅದು ಸುಮಾರು 47.6 ಕಿಲೋಗ್ರಾಂ. ಭಾಗಿಸಿದರೆ 100 ಮಿಲಿಲೀಟರು ರಕ್ತಕ್ಕೆ ಸ್ಥೂಲವಾಗಿ 170 ಮಿಲಿಗ್ರಾಂ ಎಂದಾಗುತ್ತದೆ. 9 ಗಂಟೆಗಳಲ್ಲಿ 135 ಮಿಲಿಗ್ರಾಂ ಕಳೆದರೂ ಬೆಳಗಿನ 6 ಗಂಟೆಗೆ 35 ಮಿಲಿಗ್ರಾಂ ಉಳಿದಿರುತ್ತದೆ. ಕಾನೂನಿನ ಮಿತಿ 30. ನಿದ್ದೆ ಮುಗಿದಿತ್ತು, ಗಿರಣಿಯ ಕೆಲಸ ಮುಗಿದಿರಲಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇದೇ.

ಉಸಿರು ರಕ್ತದ ಸುದ್ದಿಯನ್ನು ಹೇಳುವ ಬಗೆ

ದ್ರವದಲ್ಲಿ ಕರಗಿದ ಅನಿಲಕ್ಕೂ ಅದರ ಮೇಲಿರುವ ಅನಿಲದ ಒತ್ತಡಕ್ಕೂ ನಿಶ್ಚಿತವಾದ ಸಂಬಂಧವಿದೆಯೆಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದನು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತವೂ ಗಾಳಿಯೂ ಅತಿ ತೆಳುವಾದ ಪೊರೆಯ ಎರಡು ಬದಿಗಳಲ್ಲಿರುತ್ತವೆ. ರಕ್ತದಲ್ಲಿರುವ ಮದ್ಯಸಾರದ ಒಂದಂಶ ಆವಿಯಾಗಿ ಗಾಳಿಗೆ ಬರುತ್ತದೆ. ಸುಮಾರು 2,100 ಮಿಲಿಲೀಟರು ಉಸಿರಿನಲ್ಲಿರುವಷ್ಟು ಮದ್ಯಸಾರವು 1 ಮಿಲಿಲೀಟರು ರಕ್ತದಲ್ಲಿರುತ್ತದೆಂದು ಎಣಿಸುವುದು ರೂಢಿ. ಅಮೆರಿಕದ ಇಂಡಿಯಾನಾ ರಾಜ್ಯದ ಪೋಲೀಸು ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಈ ತತ್ತ್ವವನ್ನು ಆಧರಿಸಿದ ಉಪಕರಣವೊಂದನ್ನು ರಚಿಸಿದನು. ಅದರಲ್ಲಿ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟು ಮದ್ಯಸಾರದ ಸಂಪರ್ಕದಿಂದ ಹಸಿರಿನತ್ತ ತಿರುಗುತ್ತಿತ್ತು. ಬಣ್ಣದ ಬದಲಾವಣೆಯೇ ಅಳತೆ. ಇಂದಿನ ಕೈ ಉಪಕರಣಗಳಲ್ಲಿ ಹೆಚ್ಚಿನವು ಮದ್ಯಸಾರವನ್ನು ಉತ್ಕರ್ಷಿಸಿ, ಆಗ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತವೆ.

ಈ ಅಳತೆಗೂ ಮಿತಿಗಳಿವೆ. 2,100 ಎಂಬ ಪ್ರಮಾಣವು ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಆಗತಾನೇ ಮದ್ಯವನ್ನೋ ಮದ್ಯಸಾರ ಬೆರೆತ ಬಾಯಿ ಮುಕ್ಕಳಿಸುವ ಔಷಧವನ್ನೋ ಬಳಸಿದ್ದರೆ, ಬಾಯಲ್ಲಿ ಉಳಿದ ಅಂಶವು ಅಂಕಿಯನ್ನು ಏರಿಸೀತು. ಆದಕಾರಣ ಸುಮಾರು 15 ನಿಮಿಷ ಕಾದು ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಉಪಕರಣವನ್ನು ಕಾಲಕಾಲಕ್ಕೆ ತಿಳಿದ ಪ್ರಮಾಣದೊಡನೆ ಹೋಲಿಸಿ ಸರಿಪಡಿಸುತ್ತಿರಬೇಕು. ಇದಕ್ಕಿಂತ ಖಚಿತವಾದುದು ರಕ್ತಪರೀಕ್ಷೆ. ಚರ್ಮವನ್ನು ಮದ್ಯಸಾರವಿಲ್ಲದ ದ್ರವದಿಂದ ಒರಸಿ ರಕ್ತವನ್ನು ತೆಗೆದು, ಸೋಡಿಯಂ ಫ್ಲೋರೈಡನ್ನು ಬೆರೆಸಿ ಮೊಹರು ಮಾಡಿ, ಪ್ರಯೋಗಶಾಲೆಯಲ್ಲಿ ಅನಿಲ ವರ್ಣರೇಖನ ವಿಧಾನದಿಂದ ಅಳೆಯುತ್ತಾರೆ. ಫ್ಲೋರೈಡು ಬೆರೆಸದಿದ್ದರೆ ಶೀಷೆಯೊಳಗೆ ಸೂಕ್ಷ್ಮಜೀವಿಗಳೇ ಮದ್ಯಸಾರವನ್ನು ಹುಟ್ಟಿಸಬಹುದು.

ವಾಸನೆಯಿಂದ ಅಂಕಿಗೆ

ಹಿಂದಿನ 1939ರ ಮೋಟಾರು ವಾಹನ ಕಾನೂನು, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಅಮಲೇರಿದವನನ್ನು ಶಿಕ್ಷಿಸಬೇಕೆಂದು ಹೇಳಿತ್ತು. "ಅಷ್ಟು" ಎಂದರೆ ಎಷ್ಟು ಎಂಬುದನ್ನು ನೋಡಿದವರ ಕಣ್ಣು, ಮೂಗುಗಳೇ ತೀರ್ಮಾನಿಸಬೇಕಾಗಿತ್ತು. ಬಾಚುಭಾಯಿ ಹಸನಲ್ಲಿ ಕಾರ್ಯಾನಿ ಪ್ರಕರಣದಲ್ಲಿ 1971ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಾಕ್ಷ್ಯವನ್ನು ತೂಗಿ ನೋಡಿತು. ಬಾಯಿಯ ವಾಸನೆ, ಅಸ್ಥಿರವಾದ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಿನ ಪಾಪೆ ಇವಿಷ್ಟರಿಂದಲೇ ಅಮಲನ್ನು ನಿಶ್ಚಯಿಸಲಾಗದೆಂದು ಅದು ಕಂಡಿತು. ಮೂತ್ರಪರೀಕ್ಷೆ ನಡೆದಿರಲಿಲ್ಲ, ರಕ್ತಪರೀಕ್ಷೆಯ ವರದಿ ಹಾಜರಾಗಿರಲಿಲ್ಲ.

ನಾರ್ವೆ ದೇಶವು 1936ರಲ್ಲೇ ರಕ್ತದ ಅಂಕಿಯನ್ನು ಕಾನೂನಿಗೆ ತಂದಿತ್ತು. ನಮ್ಮಲ್ಲಿ ಈಗ ಜಾರಿಯಲ್ಲಿರುವ 1988ರ ಮೋಟಾರು ವಾಹನ ಕಾನೂನಿನ 185ನೆಯ ಕಲಮು, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡೆಸುವುದನ್ನು ಅಪರಾಧವೆನ್ನುತ್ತದೆ. ಕುಡಿದದ್ದು ಯಾವಾಗ ಎಂಬ ಪ್ರಶ್ನೆ ಅಲ್ಲಿಲ್ಲ. ನಡೆಸುವಾಗ ರಕ್ತದಲ್ಲಿ ಎಷ್ಟಿತ್ತು ಎಂಬುದೇ ಪ್ರಶ್ನೆ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

ಅಧಿಕಾರವೂ ಅದರ ಕಡಿವಾಣವೂ

ಸಂಶಯಕ್ಕೆ ಯುಕ್ತ ಕಾರಣವಿದ್ದಾಗ ಸಮವಸ್ತ್ರ ಧರಿಸಿದ ಪೋಲೀಸು ಅಧಿಕಾರಿಯು ಉಸಿರಿನ ಪರೀಕ್ಷೆಗೆ ಕರೆಯಬಹುದು. ಫಲಿತಾಂಶ ವಿರುದ್ಧವಾಗಿದ್ದರೆ ವಾರಂಟಿಲ್ಲದೆ ಬಂಧಿಸಬಹುದು. ಸಕಾರಣವಿಲ್ಲದೆ ಪರೀಕ್ಷೆಯನ್ನು ನಿರಾಕರಿಸಿದರೆ ಆ ನಿರಾಕರಣೆಯೇ ಆಪಾದನೆಗೆ ಬಲ ನೀಡಬಹುದು. ಆದರೆ ಕಾನೂನು ಪೋಲೀಸರ ಮುಂದೆಯೂ ಗಡಿಯಾರವನ್ನಿಟ್ಟಿದೆ. ಬಂಧಿಸಿದ 2 ಗಂಟೆಗಳೊಳಗಾಗಿ ನೋಂದಾಯಿತ ವೈದ್ಯರಿಂದ ಪರೀಕ್ಷೆ ನಡೆಯಬೇಕು. ನಡೆಯದಿದ್ದರೆ ಬಂಧಿತನನ್ನು ಬಿಡಬೇಕು. ನಮ್ಮ ಲೆಕ್ಕವನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. 6 ಗಂಟೆಗೆ 35 ಇದ್ದ ಅಂಕಿ 6 ಗಂಟೆ 20 ನಿಮಿಷಕ್ಕೆ 30ಕ್ಕೂ, 8 ಗಂಟೆಗೆ 5ಕ್ಕೂ ಇಳಿದಿರುತ್ತದೆ. ತಡವಾದಷ್ಟೂ ದೇಹವೇ ಸಾಕ್ಷ್ಯವನ್ನು ಅಳಿಸಿಹಾಕುತ್ತದೆ. ತಡವಾದ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದಾದರೂ, ಗಂಟೆಗೆ ಇಳಿಯುವ ಪ್ರಮಾಣ ಒಬ್ಬನಲ್ಲಿ 10, ಇನ್ನೊಬ್ಬನಲ್ಲಿ 20 ಆಗಿರುವುದರಿಂದ ಅಂಚಿನ ಅಂಕಿಗಳಲ್ಲಿ ಆ ಲೆಕ್ಕವು ನಿರಪರಾಧಿಯನ್ನು ಸಿಲುಕಿಸಲೂಬಹುದು, ಅಪರಾಧಿಯನ್ನು ಬಿಡಿಸಲೂಬಹುದು.

ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕೆಂದು ಆಪಾದಿತನನ್ನು ಬಲಾತ್ಕರಿಸಬಾರದೆಂದು ಸಂವಿಧಾನದ 20ನೆಯ ಅನುಚ್ಛೇದ ಹೇಳುತ್ತದೆ. ರಕ್ತವನ್ನು ಪಡೆಯುವುದು ಇದಕ್ಕೆ ವಿರೋಧವಲ್ಲವೇ? ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಇಂತಹ ಭೇದವೊಂದನ್ನು ವಿವರಿಸಿತು. ಔಷಧ ಕೊಟ್ಟು ಮಾತನಾಡಿಸುವ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ, ಏಕೆಂದರೆ ಅದು ಮನಸ್ಸಿನೊಳಗಿನ ಅರಿವನ್ನು ಹೊರಗೆಳೆಯುತ್ತದೆ. ರಕ್ತವಾದರೋ ಭೌತಿಕ ವಸ್ತು, ಅದು ಹೇಳಿಕೆಯಲ್ಲ.

ಅಂಕಿಯು ನ್ಯಾಯಾಲಯದಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ದೆಹಲಿಯ ಪ್ರಕರಣವೊಂದು ನಿದರ್ಶನ. 1999ರ ಜನವರಿ 10ರ ನಸುಕಿನಲ್ಲಿ ಲೋಧಿ ರಸ್ತೆಯ ಬಳಿ, ವಿದೇಶದಲ್ಲಿ ಓದುತ್ತಿದ್ದ ತರುಣನೊಬ್ಬನ ಕಾರು ಹಾಯ್ದು 6 ಮಂದಿ ಸತ್ತರು. ಗಂಟೆಗಳ ಬಳಿಕ ತೆಗೆದ ರಕ್ತದಲ್ಲಿಯೂ ಶೇಕಡ 0.115 ಮದ್ಯಸಾರವಿತ್ತು, ಅಂದರೆ 100 ಮಿಲಿಲೀಟರಿಗೆ 115 ಮಿಲಿಗ್ರಾಂ. ಸಂಜೀವ್ ನಂದಾ ಪ್ರಕರಣವೆಂದು ಹೆಸರಾದ ಇದರಲ್ಲಿ 2012ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು 1971ರ ತೀರ್ಪನ್ನೂ ಪರಿಶೀಲಿಸಿ, ಇಲ್ಲಿ ರಕ್ತಪರೀಕ್ಷೆಯ ಆಧಾರವಿದೆಯೆಂದು ಬೇರ್ಪಡಿಸಿತು. ಆಪಾದಿತನ ಕೃತ್ಯವು ಬರಿಯ ಅಜಾಗರೂಕತೆಯಲ್ಲ, ದಂಡನೀಯ ನರಹತ್ಯೆಯೆಂದು ನಿರ್ಣಯಿಸಿತು. ಅವನು ಆಗಲೇ ಅನುಭವಿಸಿದ್ದ ಸೆರೆವಾಸವನ್ನೇ ಶಿಕ್ಷೆಯಾಗಿ ಉಳಿಸಿ, 50 ಲಕ್ಷ ರೂಪಾಯಿಗಳನ್ನು ಕಟ್ಟುವಂತೆಯೂ 2 ವರ್ಷ ಸಮುದಾಯ ಸೇವೆ ಮಾಡುವಂತೆಯೂ ವಿಧಿಸಿತು. ಸತ್ತ ಆರು ಮಂದಿಯ ಮನೆಯವರು ಕಡೆಯ ತೀರ್ಪಿಗಾಗಿ 13 ವರ್ಷ ಕಾದಿದ್ದರು.

ನಮ್ಮ ತರುಣನ ವಿಷಯಕ್ಕೆ ಮರಳೋಣ. ಅವನಿಂದ ಯಾರಿಗೂ ಹಾನಿಯಾಗಿಲ್ಲ. ಅವನ ಮೇಲಿರುವುದು ಜಾಮೀನು ದೊರೆಯಬಹುದಾದ ಆಪಾದನೆ. ಆಟಗಾರನೆಂದು ಅವನಿಗೆ ರಿಯಾಯಿತಿ ಸಲ್ಲದು. ಹೆಸರುವಾಸಿಯೆಂದು ಹೆಚ್ಚಿನ ಶಿಕ್ಷೆಯೂ ಸಲ್ಲದು. ಉಪಕರಣ ಸರಿಯಾಗಿತ್ತೇ, ಕಾದು ಪರೀಕ್ಷಿಸಿದರೇ, ವೈದ್ಯರ ಬಳಿಗೆ ಹೊತ್ತಿಗೆ ಸರಿಯಾಗಿ ಒಯ್ದರೇ ಎಂದು ಕೇಳುವ ಹಕ್ಕು ಅವನಿಗಿದೆ. ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಅಂಕಿಯನ್ನು ಮಾತ್ರ ನ್ಯಾಯಾಲಯವು ನಂಬಬೇಕು, ಹಾಗೆ ನಂಬಿದ ಮೇಲೆ ಅವನೂ ಒಪ್ಪಬೇಕು. ಎರಡನೆಯ ಪ್ರಶ್ನೆಗೆ ಇದು ಉತ್ತರ.

ಓದುಗರು ನೆನಪಿಡಬೇಕಾದ ಮಾತು ಇಷ್ಟೇ. ಕುಡಿದ ರಾತ್ರಿ ವಾಹನವನ್ನು ಬಿಟ್ಟು ಮಲಗುವುದು ಒಳ್ಳೆಯದು. ಆದರೆ ಬಹಳ ಕುಡಿದಿದ್ದರೆ ಅಷ್ಟೇ ಸಾಲದು. ಮೇಲೆ ತೋರಿಸಿದ ಲೆಕ್ಕವು ಸ್ಥೂಲವಾದುದು. ಅದನ್ನು ನೆಚ್ಚಿ ಹೊರಡುವ ಹೊತ್ತನ್ನು ಗೊತ್ತುಮಾಡಿಕೊಳ್ಳುವುದೂ ಅಪಾಯವೇ. ಮರುದಿನ ಬೆಳಗ್ಗೆ ಚನ್ನರಾಯನದುರ್ಗದಿಂದ ಮಧುಗಿರಿಗೆ ಹೋಗುವವನಿಗೆ ಬಸ್ಸಿನಲ್ಲಿ ಕುಳಿತು ಹೋಗುವ ದಾರಿ ಇದ್ದೇ ಇದೆ.